ಸಹಾಯ ಬೇಕು: ಇಮೇಲ್ ಉತ್ತರದ ಬಾಲ ಕತ್ತರಿಸಲು
ಸಕಲೇಶಪುರ, ಮೂಡಿಗೆರೆಯ ಕಾಫಿ ಬೆಳೆಗಾರರಿಗಾಗಿ ಇಮೇಲ್ ಉತ್ತರದ ಕೈಪಿಡಿ ತಯಾರಾಗುತ್ತಿದೆ. ಕಾಯಿಕೊರಕದ (ಕಾಫಿ ಕಾಯಿ ಕೊರೆಯುವ ಕೀಟ) ಬಗ್ಗೆ ಕೇಳಿದರೆ ಬರುವ ಉತ್ತರದಲ್ಲಿ ಮೇಲೆ ‘ಹೌದು ಸರ್’, ಕೆಳಗೆ ಹಳೆಯ ಒಂಬತ್ತು ಪತ್ರ! ಯಾವುದಕ್ಕೆ ಹೌದು?

ಕಂಪ್ಯೂಟರ್‌ನ ಜಿಮೇಲ್‌ನಲ್ಲಿ ಸುಲಭ: ರಿಪ್ಲೈ ಒತ್ತಿ, ಮೂರು ಚುಕ್ಕಿ ಒತ್ತಿದರೆ ಹಳೆಯ ಪತ್ರ ತೆರೆಯುತ್ತದೆ. ಬೇಕಾದ ಎರಡು-ಮೂರು ಸಾಲು ಉಳಿಸಿ, ಉಳಿದದ್ದು, ಹಳೆಯ ಪತ್ರದ ಸಹಿ ಸಮೇತ, ಅಳಿಸಿ. ಉತ್ತರ ಆ ಸಾಲುಗಳ ಕೆಳಗೆ. ಇಂಟರ್ನೆಟ್ ಶಿಷ್ಟಾಚಾರದ ಮಾರ್ಗಸೂಚಿಯಾದ 1995ರ ಆರ್‌ಎಫ್‌ಸಿ 1855 ಹೇಳುವುದೂ ಇಷ್ಟೇ, ಸಂದರ್ಭ ತಿಳಿಯುವಷ್ಟು ಉಲ್ಲೇಖ ಸಾಕು. ನಿಮ್ಮ ಸಹಿ ನಾಲ್ಕು ಸಾಲು ಮೀರಬಾರದು.

ಮೆಣಸಿನ ಬಗ್ಗೆ ಹೊಸ ಪ್ರಶ್ನೆ ಕೇಳಲು ಕಾಯಿಕೊರಕದ ಪತ್ರಕ್ಕೇ ರಿಪ್ಲೈ ಒತ್ತಬೇಡಿ. ವಿಷಯ ಬದಲಿಸಿದರೂ ಹಳೆಯ ಪತ್ರದ ಗುರುತು ಒಳಗೇ ಉಳಿದು, ಹಲವು ತಂತ್ರಾಂಶಗಳಲ್ಲಿ ಹೊಸ ಪತ್ರ ಹಳೆಯ ಸರಣಿಗೇ ಅಂಟುತ್ತದೆ.

ಬೇಕಿರುವುದು: ಐಫೋನ್‌ನ ಜಿಮೇಲ್ ಆ್ಯಪ್‌ನಲ್ಲಿ ಹೀಗೆ ಕತ್ತರಿಸುವ ಹಂತಗಳು. ಮಾಡಿ ನೋಡಿದವರು ಸ್ಕ್ರೀನ್‌ಶಾಟ್ ಸಹಿತ ತಿಳಿಸಿ.