ಸ್ಕ್ರ್ಯಾಬಲ್‌ಗೆ ಒದಗುವ ಅಪರೂಪದ ಇಂಗ್ಲಿಷ್ ಪದಗಳು: ಅರ್ಥವೂ ಬೇಕೇ, ಪಟ್ಟಿಯಷ್ಟೇ ಸಾಕೇ?

ಪದಾಸಕ್ತ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮನೆಗಳಲ್ಲಿ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟದಲ್ಲಿ ಪಳಗಿದವರು 'ಕ್ಯೂ-ಐ', 'ಸಿ-ಡಬ್ಲ್ಯೂ-ಎಂ' ಮುಂತಾದ ವಿಚಿತ್ರ ಪದಗಳನ್ನು ಸರಾಗವಾಗಿ ಜೋಡಿಸುತ್ತಾರೆ. ಅರ್ಥ ಕೇಳಿದರೆ ಮಾತ್ರ ಆಟಕ್ಕೆ ಸಲ್ಲುವ ಪದಗಳ ಪಟ್ಟಿಯಲ್ಲಿದೆ ಎಂದಷ್ಟೇ ಹೇಳುತ್ತಾರೆ. ಇದರಿಂದ ನನಗೆ ಸಮಾಧಾನವಾಗುವುದಿಲ್ಲ. ಅರ್ಥ ತಿಳಿದುಕೊಂಡರೆ ಆಟಕ್ಕೆ ನಿಜವಾಗಿಯೂ ಪ್ರಯೋಜನವಿದೆಯೇ? 'ಯು' ಇಲ್ಲದೆ 'ಕ್ಯೂ' ಬಂದಾಗ, ಅಥವಾ ಏಳು ಬಿಲ್ಲೆಗಳಲ್ಲಿ ಐದಾರು ಸ್ವರಗಳೇ ಆಗಿಬಿಟ್ಟಾಗ ಒದಗುವ ಪದಗಳನ್ನು ಅರ್ಥಸಹಿತ ತಿಳಿಸಿದರೆ ಉಪಕಾರವಾಗುತ್ತದೆ.

ನಿಘಂಟುಪ್ರಿಯ:

ಪ್ರಯೋಜನ ಖಂಡಿತವಾಗಿಯೂ ಇದೆ. ಅರ್ಥ ತಿಳಿದರೆ ಅದು ನಾಮಪದವೋ, ವಿಶೇಷಣವೋ, ಅವ್ಯಯವೋ ಎಂಬುದು ತಿಳಿಯುತ್ತದೆ. ಅದು ತಿಳಿದರೆ ಕೊನೆಗೆ 'ಎಸ್' ಸೇರಿಸಬಹುದೇ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಸ್ಕ್ರ್ಯಾಬಲ್‌ನಲ್ಲಿ ಎಷ್ಟೋ ಆಟಗಳು ಆ ಒಂದು 'ಎಸ್' ಮೇಲೆ ನಿಂತಿರುತ್ತವೆ.

ನೀವು ಹೇಳಿದ 'ಸಿ-ಡಬ್ಲ್ಯೂ-ಎಂ' ಪದವನ್ನೇ ನೋಡಿ. 'ಕೂಮ್' ಎಂದು ಉಚ್ಚರಿಸುವ ಇದು ವೆಲ್ಷ್ ಭಾಷೆಯಿಂದ ಬಂದದ್ದು. ಬೆಟ್ಟದ ಮಗ್ಗುಲಲ್ಲಿ ಹಿಮನದಿ ಕೊರೆದು ಮಾಡಿದ, ಕಡಿದಾದ ಗೋಡೆಗಳಿರುವ ತಗ್ಗು ಎಂದು ಅರ್ಥ. ಎವರೆಸ್ಟ್ ಏರುವವರು ದಾಟುವ 'ವೆಸ್ಟರ್ನ್ ಕೂಮ್'ಗೆ 1921ರಲ್ಲಿ ಆ ಹೆಸರಿಟ್ಟವರು ಜಾರ್ಜ್ ಮ್ಯಾಲರಿ. ವೆಲ್ಷ್‌ನಲ್ಲಿ 'ಡಬ್ಲ್ಯೂ' ಸ್ವರವೂ ಹೌದು. ಆದ್ದರಿಂದಲೇ ಕಮಾನಿನಿಂದ ನುಡಿಸುವ ಹಳೆಯ ತಂತಿವಾದ್ಯವೊಂದರ ಹೆಸರು 'ಸಿ-ಆರ್-ಡಬ್ಲ್ಯೂ-ಟಿ-ಎಚ್' ಎಂದಾಯಿತು. ಎರಡೂ ನಾಮಪದಗಳಾದ್ದರಿಂದ ಎರಡಕ್ಕೂ 'ಎಸ್' ಸೇರುತ್ತದೆ. ಸ್ವರವಿಲ್ಲದ ಇನ್ನೊಂದು ಪದ 'ಎನ್-ಟಿ-ಎಚ್', ಗಣಿತದಲ್ಲಿ ನಾವೆಲ್ಲ ಬಳಸುವ 'ಎನ್‌ನೆಯ' ಎಂಬ ವಿಶೇಷಣ, ಅದಕ್ಕೆ ಸೇರುವುದಿಲ್ಲ. ಹಾಗೆಯೇ, ಆ ನೆಲೆಯಲ್ಲಿ ಎಂಬ ಅರ್ಥದ 'ಕ್ಯೂ-ಯು-ಎ' ಪದಕ್ಕೂ ಬಹುವಚನವಿಲ್ಲ.

'ಕ್ಯೂ' ಒಂದೇ ಒಂದು, ಅದಕ್ಕೆ 10 ಅಂಕ. 'ಯು' ಬಿಲ್ಲೆಗಳಾದರೋ ನಾಲ್ಕೇ. ಹೀಗಾಗಿ 'ಕ್ಯೂ-ಐ' ಅಮೂಲ್ಯ. 'ಚೀ' ಎಂದು ಉಚ್ಚರಿಸುವ ಇದು ಚೀನೀ ಚಿಂತನೆಯ ಪ್ರಾಣಶಕ್ತಿ. ಉತ್ತರ ಅಮೆರಿಕದ ಪದಪಟ್ಟಿಗೆ 2006ರಲ್ಲಿ ಸೇರಿತು. 'ಕ್ಯೂ-ಎ-ಟಿ' ಎಂದರೆ ಅರೇಬಿಯಾ ಮತ್ತು ಪೂರ್ವ ಆಫ್ರಿಕಾದಲ್ಲಿ ಎಲೆ ಜಗಿಯುವ ಒಂದು ಗಿಡ, 'ಕ್ಯೂ-ಎ-ಎನ್-ಎ-ಟಿ' ಎಂದರೆ ಇರಾನಿನಂಥ ಒಣ ನಾಡುಗಳಲ್ಲಿ ನೆಲದಡಿ ನೀರು ಹರಿಸುವ ಕಾಲುವೆ. ನಮಗೆ ಪರಿಚಿತನಾದ ಫಕೀರನೂ 'ಎಫ್-ಎ-ಕ್ಯೂ-ಐ-ಆರ್' ರೂಪದಲ್ಲಿ ಸಲ್ಲುತ್ತಾನೆ.

ಸ್ವರಗಳು ಹೆಚ್ಚಾದಾಗ 'ಎ-ಎ' (ಹವಾಯಿಯ ಒರಟು ಮೇಲ್ಮೈಯ ಲಾವಾ), 'ಎ-ಐ' (ಮರದಲ್ಲೇ ಬದುಕುವ, ಮೂರು ಬೆರಳಿನ ಸ್ಲಾತ್ ಎಂಬ ಜಡಪ್ರಾಣಿ), 'ಓ-ಇ' (ಫೇರೋ ದ್ವೀಪಗಳ ಕಡೆಯ ಸುಂಟರಗಾಳಿ) ಭಾರ ಇಳಿಸುತ್ತವೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಆರೂ ಅಕ್ಷರ ಸ್ವರವೇ ಆಗಿರುವ 'ಇ-ಯು-ಓ-ಯು-ಎ-ಇ'. ಕ್ರೈಸ್ತ ಸ್ತೋತ್ರಗಳ ಕೊನೆಗೆ ಹಾಡುವ 'ಸೆಕುಲೊರುಮ್ ಆಮೆನ್' ಎಂಬ ಲ್ಯಾಟಿನ್ ಪದಗಳಿಂದ ವ್ಯಂಜನಗಳನ್ನೆಲ್ಲ ತೆಗೆದರೆ ಉಳಿಯುವುದು ಅಷ್ಟೇ; ಕೊನೆಯ ಸ್ವರಸಂಚಾರ ನೆನಪಿರಲೆಂದು ಮಧ್ಯಯುಗದ ಗಾಯಕರು ಅದನ್ನು ಹಾಗೆ ಬರೆದಿಟ್ಟುಕೊಳ್ಳುತ್ತಿದ್ದರು. ಇಷ್ಟು ತಿಳಿದ ಮೇಲೆ ಆ ಅಕ್ಷರಗಳ ಕ್ರಮ ಮರೆಯುವುದು ಕಷ್ಟ.

ಪಂದ್ಯಪ್ರೇಮಿ:

ಅರ್ಥದ ಸೊಗಸನ್ನು ನಾನೂ ಒಪ್ಪುತ್ತೇನೆ, ಆದರೆ ಪಂದ್ಯಕ್ಕೆ ಅದು ಅನಿವಾರ್ಯವಲ್ಲ. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಫ್ರೆಂಚ್ ಮಾತನಾಡಲು ಬಾರದಿದ್ದರೂ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದರು. 2024ರಲ್ಲಿ ಸ್ಪ್ಯಾನಿಷ್‌ನಲ್ಲೂ ಗೆದ್ದರು. ಕೇವಲ ಪದಪಟ್ಟಿಯ ನೆನಪು ಅಷ್ಟು ಎತ್ತರಕ್ಕೆ ಒಯ್ಯಬಲ್ಲದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆಟ ಶುರುವಾಗುವ ಮೊದಲೇ ಯಾವ ಪಟ್ಟಿ ಎಂದು ನಿಶ್ಚಯಿಸಿಕೊಳ್ಳಿ. ಕಾಲಿನ್ಸ್ ನಿಘಂಟು ಪ್ರಕಾಶಕರ 2019ರ ಪಟ್ಟಿಯಲ್ಲಿ ಎರಡಕ್ಷರದ ಪದಗಳು 127. ಉತ್ತರ ಅಮೆರಿಕದ ಪಟ್ಟಿಯಲ್ಲಿ ಅವು ಇನ್ನೂ ಕಡಿಮೆ. ಮೇಲಿನವರು ಮೆಚ್ಚಿದ ಆರು ಸ್ವರಗಳ ಪದವೂ ಕಾಲಿನ್ಸ್‌ನಲ್ಲಿ ಮಾತ್ರ ಸಲ್ಲುತ್ತದೆ. ಹೊಸಬರು ಎರಡಕ್ಷರದ ಪದಗಳನ್ನು ಮೊದಲು ಬಾಯಿಪಾಠ ಮಾಡಿಕೊಂಡು, ಅರ್ಥಗಳನ್ನು ನಿಧಾನವಾಗಿ ಕೂಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ.

ನಿಘಂಟುಪ್ರಿಯ:

ರಿಚರ್ಡ್ಸ್ ಅವರ ಸ್ಮರಣಶಕ್ತಿ ಎಲ್ಲರಿಗೂ ಒಲಿಯುವಂಥದ್ದಲ್ಲ; ಉಳಿದವರಿಗೆ ಅರ್ಥವೇ ಆಸರೆ. 'ಎಂ-ಯು-ಝಡ್-ಜೆ-ಐ-ಕೆ' ಎಂದರೆ ರಷ್ಯಾದ ರೈತ ಎಂದು ತಿಳಿದವರಿಗೆ ಕೈಯಲ್ಲಿ 'ಎಸ್' ಇದ್ದರೆ ಬಹುವಚನ ತಾನಾಗಿ ಹೊಳೆಯುತ್ತದೆ. ಏಳು ಬಿಲ್ಲೆಗಳ ಒಟ್ಟು ಅಂಕ 29. ಮೊದಲ ಸರದಿಯಲ್ಲೇ, ಅಕ್ಷರದ ಅಂಕ ಇಮ್ಮಡಿಯಾಗುವ ಮನೆಯ ಮೇಲೆ 'ಝಡ್' ಬೀಳುವಂತೆ ಇಟ್ಟರೆ 39. ನಟ್ಟನಡುವಿನ ಮನೆ ಇಡೀ ಪದವನ್ನು ಇಮ್ಮಡಿಸುವುದರಿಂದ 78. ಏಳನ್ನೂ ಒಂದೇ ಸಲಕ್ಕೆ ಬಳಸಿದ್ದಕ್ಕೆ 50 ಸೇರಿ 128. 'ಎಸ್' ಇಲ್ಲದಿದ್ದರೆ ಕೊನೆಯ ಆ 50 ಬರುವುದೇ ಇಲ್ಲ.

ಪದಾಸಕ್ತ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಐದಕ್ಷರದ ಗುಪ್ತ ಪದವನ್ನು ಊಹಿಸುವ ಆಟವಾದ ವರ್ಡಲ್‌ಗೂ ಇದೇ ಪದಗಳು ಉಪಯೋಗವಾಗುತ್ತವೆಯೇ?

ಪಂದ್ಯಪ್ರೇಮಿ:

ಬಹಳ ಕಡಿಮೆ. 2021ರಲ್ಲಿ ಆ ಆಟವನ್ನು ರೂಪಿಸಿದ ಜಾಶ್ ವಾರ್ಡಲ್ ಅದನ್ನು ಸಾರ್ವಜನಿಕರಿಗೆ ತೆರೆದಾಗ ಊಹೆಯಾಗಿ ಸ್ವೀಕರಿಸುವ ಪದಗಳು 12 ಸಾವಿರಕ್ಕೂ ಹೆಚ್ಚಿದ್ದವು; ಉತ್ತರವಾಗಿ ಬರಬಹುದಾದವು ಸುಮಾರು 2,300 ಮಾತ್ರ, ಅವೂ ಬಹುತೇಕ ಬಳಕೆಯ ಪದಗಳೇ. 'ಎ-ಎ-ಎಲ್-ಐ-ಐ' (ಹವಾಯಿಯ ಒಂದು ಗಿಡ) ಸ್ಕ್ರ್ಯಾಬಲ್‌ನಲ್ಲಿ ಸ್ವರಗಳನ್ನು ಖಾಲಿ ಮಾಡಲು ಒಳ್ಳೆಯದು; ಆದರೆ ವರ್ಡಲ್‌ನಲ್ಲಿ ಒಂದೇ ಅಕ್ಷರವನ್ನು ಎರಡೆರಡು ಸಲ ಕೇಳಿದಂತಾಗಿ ಊಹೆ ವ್ಯರ್ಥವಾಗುತ್ತದೆ. ಅಲ್ಲಿ ವಿದಾಯ ಎಂಬ ಅರ್ಥದ 'ಎ-ಡಿ-ಐ-ಇ-ಯು' ಲೇಸು, ಏಕೆಂದರೆ ಅದು ಒಂದೇ ಊಹೆಯಲ್ಲಿ ನಾಲ್ಕು ಬೇರೆ ಬೇರೆ ಸ್ವರಗಳನ್ನು ಪರೀಕ್ಷಿಸುತ್ತದೆ.