ಸ್ಟ್ಯಾಟಿಕ್, ಡೈನಾಮಿಕ್ ಟೈಪಿಂಗ್: ತುರ್ತಾಗಿ ಕನ್ನಡ ಪದ ಬೇಕು

ಎಲ್ಲರಿಗೂ ನಮಸ್ಕಾರ. ಪ್ರೋಗ್ರಾಮಿಂಗ್ ಕಲಿಯುವವರಿಗಾಗಿ ಒಂದು ಪುಸ್ತಕ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ (ಆಬ್ಜೆಕ್ಟ್, ಅಂದರೆ ವಸ್ತುಗಳಿಂದ ಪ್ರೋಗ್ರಾಂ ಕಟ್ಟುವ) ಭಾಷೆಗಳನ್ನು ಹೋಲಿಸುವ ಪಟ್ಟಿ ಇದೆ. ಒಂದು ಕಡೆ ಜಾವಾ, ಸಿ ಪ್ಲಸ್ ಪ್ಲಸ್, ಸಿ ಶಾರ್ಪ್. ಇನ್ನೊಂದು ಕಡೆ ಪೈಥಾನ್, ರೂಬಿ, ಸ್ಮಾಲ್‌ಟಾಕ್. ಮೊದಲನೆಯವು ಸ್ಟ್ಯಾಟಿಕ್ ಟೈಪಿಂಗ್‌ನವು, ಎರಡನೆಯವು ಡೈನಾಮಿಕ್ ಟೈಪಿಂಗ್‌ನವು (ಟೈಪ್ ಅಂದರೆ ಪೂರ್ಣಾಂಕ, ಪಠ್ಯ ಹೀಗೆ ಮಾಹಿತಿಯ ಬಗೆ). ಎರಡಕ್ಕೂ ತಲೆಬರಹ ಬೇಕು. ಸದ್ಯಕ್ಕೆ ‘ಸ್ಥಿರಬಗೆ’, ‘ಚಲಬಗೆ’ ಅಂತ ಹಾಕಿದ್ದೇನೆ. ಸರಿ ಇದೆಯಾ? ನಾಳೆ ಸಂಜೆಯೊಳಗೆ ಕಳಿಸಬೇಕು.

* * *

> ‘ಸ್ಥಿರಬಗೆ’, ‘ಚಲಬಗೆ’

ಎರಡೂ ಅರಿಸಮಾಸ, ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಗಂಟು ಹಾಕಿದ್ದು. ನಡೆಯಲ್ಲ. ‘ಬಗೆ’ ಅಚ್ಚಗನ್ನಡ, ತಮಿಳಿನ ‘ವಗೈ’ ಇದರ ಒಡಹುಟ್ಟು. ಎದೆ ಬಗೆದು ಅಂತೀವಲ್ಲ, ಸೀಳಿ ಪಾಲು ಮಾಡುವ ಆ ಬೇರಿನಿಂದಲೇ ಬಂದದ್ದು. ಅದರ ತಲೆಗೆ ಸಂಸ್ಕೃತ ಯಾಕೆ ಕಟ್ಟುತ್ತೀರಿ? ‘ನಿಲುಬಗೆ’, ‘ನಡೆಬಗೆ’ ಅನ್ನಿ. ಮುಗೀತು.

* * *

ಮುಗೀಲಿಲ್ಲ ಸರ್. ಸಮಾಸ ಆಮೇಲೆ ನೋಡೋಣ, ಮೊದಲು ಅರ್ಥ. ನಿಲುಬಗೆಯಲ್ಲಿ ನಿಂತಿರುವುದು ಏನು? ನಡೆಬಗೆಯಲ್ಲಿ ನಡೆಯುತ್ತಿರುವುದು ಏನು?

ಪೈಥಾನ್‌ನಲ್ಲಿ ಬೆಲೆ = 5 ಅಂತ ಬರೆದು, ಮುಂದಿನ ಸಾಲಿನಲ್ಲಿ ಬೆಲೆ = "ಐದು" ಅಂತ ಬರೆಯಬಹುದು. ಹಾಗಂತ 5ರ ಬಗೆ ಬದಲಾಗಲಿಲ್ಲ, ಅದು ಪೂರ್ಣಾಂಕವಾಗಿಯೇ ಉಳಿಯಿತು. ಹೆಸರು ಮಾತ್ರ ಬೇರೆ ವಸ್ತುವಿಗೆ ಹೋಗಿ ಅಂಟಿಕೊಂಡಿತು. ಜಾವಾದಲ್ಲಿ ಹೆಸರಿಗೂ ಒಂದು ಬಗೆ ಇರುತ್ತದೆ, ಅದಕ್ಕೇ ಎರಡನೆಯ ಸಾಲನ್ನು ಕಂಪೈಲರ್ (ಓಡಿಸುವ ಮೊದಲು ಪ್ರೋಗ್ರಾಂ ಅನುವಾದಿಸುವ ಸಾಧನ) ಒಪ್ಪುವುದಿಲ್ಲ.

ನಿಜವಾದ ವ್ಯತ್ಯಾಸ ತಪಾಸಣೆ ಯಾವಾಗ ಅನ್ನುವುದರಲ್ಲಿದೆ. ನಾಯಿ.ಬೊಗಳು() ಬದಲು ನಾಯಿ.ಬೊಗಳ್ಳು() ಅಂತ ಬರೆದುಬಿಟ್ಟಿರಿ ಅನ್ನಿ. ಜಾವಾ ಪ್ರೋಗ್ರಾಂ ಶುರುವಾಗಲೂ ಬಿಡುವುದಿಲ್ಲ. ಪೈಥಾನ್ ಆ ಸಾಲಿಗೆ ಬರುವ ತನಕ ಆರಾಮಾಗಿ ಓಡಿ, ಅಲ್ಲಿ ಅಂಥ ಹೆಸರಿನದು ಇಲ್ಲ ಅಂತ ಆಟ್ರಿಬ್ಯೂಟ್‌ಎರರ್ ಕೊಡುತ್ತದೆ. ಆ ಸಾಲು ಅಪರೂಪಕ್ಕೆ ಓಡುವ ಇಫ್ (ಷರತ್ತು) ಒಳಗಿದ್ದರೆ ತಪ್ಪು ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಸ್ಮಾಲ್‌ಟಾಕ್ ಇನ್ನೂ ಮಜಾ: ‘ಡಸ್‌ನಾಟ್‌ಅಂಡರ್‌ಸ್ಟ್ಯಾಂಡ್’ ಅಂತ ಆ ವಸ್ತುವಿಗೇ ಸಂದೇಶ ಹೋಗುತ್ತದೆ. ಏನು ಮಾಡಬೇಕು ಅಂತ ಅದೇ ತೀರ್ಮಾನಿಸಬಹುದು.

ಹಾಗಾಗಿ ‘ಮೊದಲೇ ಬಗೆ ನೋಡುವವು’, ‘ಓಡುವಾಗ ಬಗೆ ನೋಡುವವು’. ಉದ್ದವಾಯಿತು ಅಂತೀರಾ? ಎರಡು ಸಾಲಲ್ಲಿ ಹಾಕಿ.

ಯಾರಾದರೂ ‘ಬಿಗಿ’, ‘ಸಡಿಲ’ ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಅದು ಬೇರೆ ಜೋಡಿ, ಬಗೆಗಳನ್ನು ಬೆರೆಸಲು ಬಿಡುತ್ತದೋ ಇಲ್ಲವೋ ಅನ್ನುವುದರದು. "3" + 4 ಅಂದರೆ ಪೈಥಾನ್ ಟೈಪ್‌ಎರರ್ ಅನ್ನುತ್ತದೆ, ಜಾವಾಸ್ಕ್ರಿಪ್ಟ್ "34" ಅಂತ ಅಂಟಿಸಿ ಕೊಡುತ್ತದೆ. ಎರಡೂ ಓಡುವಾಗ ನೋಡುವವೇ.

* * *

‘ವಸ್ತು’ ಸಂಸ್ಕೃತ, ‘ತಪಾಸಣೆ’ ಮರಾಠಿ ಕಡೆಯಿಂದ ಬಂದದ್ದು, ‘ಟೈಪ್’ ಇಂಗ್ಲಿಷ್. ಎಲ್ಲ ಕಡೆಯಿಂದ ಸಾಲ ತಂದು ಕನ್ನಡಕ್ಕೆ ಅಂತ ಉಳಿಸಿದ್ದು ಏನು? ವಿಭಕ್ತಿ ಪ್ರತ್ಯಯ ಮಾತ್ರವಾ?

* * *

ಅದೇ ಸಾಕಲ್ವಾ? ಪ್ರತ್ಯಯ ನಮ್ಮದಿದ್ದರೆ ವಾಕ್ಯ ನಮ್ಮದು. ಅರಿಸಮಾಸ ಅಂತ ಹೆದರಿಸಬೇಡಿ, ಬಿರುದುಗಳಲ್ಲಿ ಬಂದರೆ ತಪ್ಪಲ್ಲ ಅಂತ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿಟ್ಟಿದ್ದಾನೆ.

ನನ್ನ ತಕರಾರು ಬೇರೆ. 2010ರಲ್ಲಿ ಬಂದ ಸಿ ಶಾರ್ಪ್ 4.0ರಲ್ಲಿ ‘ಡೈನಾಮಿಕ್’ ಅನ್ನುವ ಕೀವರ್ಡ್ (ಭಾಷೆಯೇ ಅರ್ಥ ಕೊಟ್ಟ ಪದ) ಇದೆ. ಅದು ಹಾಕಿದ ಕಡೆ ಬಗೆ ನೋಡುವುದು ಓಡುವಾಗಲೇ. ಜಾವಾದಲ್ಲಿ ಕೂಡ ತಪ್ಪು ಕಾಸ್ಟ್ ಮಾಡಿದರೆ, ಅಂದರೆ ವಸ್ತುವನ್ನು ಅದರದಲ್ಲದ ಬಗೆ ಅಂತ ಹೇಳಿದರೆ, ಓಡುವಾಗ ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಅನ್ನುವ ದೋಷ ಬರುತ್ತದೆ. ಆ ಕಡೆ 2015ರ ಪೈಥಾನ್ 3.5ರಿಂದ ಟೈಪ್ ಹಿಂಟ್ (ಬಗೆಯ ಸೂಚನೆ) ಬರೆದು, ಬೇರೆ ಸಾಧನದಿಂದ ಮೊದಲೇ ನೋಡಿಸಿಕೊಳ್ಳಬಹುದು. ನಿಮ್ಮ ಎರಡು ಕಾಲಮ್ ಅಷ್ಟು ನೀಟಾಗಿ ಬೇರೆಯಾಗುವುದಿಲ್ಲ. ಕಲಿಯುವವರು ನಾಳೆ ಹುಡುಕುವುದೂ ಸ್ಟ್ಯಾಟಿಕ್ ಅಂತಲೇ. ಹಾಗೇ ಬರೆಯಿರಿ, ಒಂದು ಸಾಲು ವಿವರಣೆ ಕೊಡಿ.

* * *

ಎಲ್ಲರಿಗೂ ಥ್ಯಾಂಕ್ಸ್. ‘ಮೊದಲೇ ಬಗೆ ನೋಡುವವು’, ‘ಓಡುವಾಗ ಬಗೆ ನೋಡುವವು’ ಅಂತ ಹಾಕಿ, ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಟ್ಯಾಟಿಕ್, ಡೈನಾಮಿಕ್ ಸೇರಿಸಿದೆ. ಸಿ ಶಾರ್ಪ್ ಮೊದಲ ಕಾಲಮ್‌ನಲ್ಲೇ ಇರುತ್ತದೆ, ಆ ಕೀವರ್ಡ್ ಬಗ್ಗೆ ಒಂದು ಅಡಿಟಿಪ್ಪಣಿ ಬರೆದಿದ್ದೇನೆ.

* * *

> ಅಡಿಟಿಪ್ಪಣಿ

ಇದೂ ಅರಿಸಮಾಸವೇ.