ಪುಟ್ಟನ ಚೇಣಿ ಲಾಭದ ವಿಷಯ, ಭಾವನಿಗೆ

ಭಾವ, ನಮ್ಮ ಮನೆಯವರ ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಉದ್ದ ಆಯಿತು ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ಮಧ್ಯೆ ಕುಕ್ಕರ್ ಕೂಗಿದರೆ ಸಹಿಸಿಕೊಳ್ಳಿ.

ಪುಟ್ಟ ಹೋದ ವರ್ಷ ನಾಲ್ಕಾರು ಮನೆಯ ಅಡಿಕೆ ತೋಟ ಚೇಣಿಗೆ ಹಿಡಿದ, ಅಂದರೆ ಆ ವರ್ಷದ ಫಸಲನ್ನು ತಾನೇ ಕೊಯ್ದುಕೊಳ್ಳುವ ಗುತ್ತಿಗೆಗೆ. ಅಡಿಕೆ ಒಣಗಿಸಿ ಇಟ್ಟುಕೊಂಡ. ಬೇಸಿಗೆಯಲ್ಲಿ ರೇಟು ಏರಿದಾಗ ಶಿವಮೊಗ್ಗದಲ್ಲಿ ಮಾರಿ ಈಗ ಕಾರು ಬುಕ್ ಮಾಡಿದ್ದಾನೆ. ನೀವು ಅದಕ್ಕೆ "ಬೆವರು ಒಬ್ಬನದು, ದುಡ್ಡು ಇನ್ನೊಬ್ಬನದು, ಇದು ಪಾಪದ ಸಂಪಾದನೆ" ಅಂತ ಬರೆದಿರಿ. ಪಾಪ, ಅವನು ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದ. ನನಗೆ ಸುಮ್ಮನಿರಲು ಆಗಲಿಲ್ಲ. ಆ ನಾಲ್ಕಾರು ತೋಟದಲ್ಲಿ ನಮ್ಮದೂ ಒಂದು ಅಲ್ವಾ?

ಬೆವರಿನ ಮಾತು ಮೊದಲು. ನಿಮ್ಮ ತಮ್ಮ ಹೋದ ಮೇಲೆ ಕೊಯ್ಲು ನನ್ನ ಕೈಲಾಗುವ ಕೆಲಸವಾಗಿ ಉಳಿದಿಲ್ಲ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಸಿಗುವುದೇ ಕಷ್ಟ. ಸಿಕ್ಕಿದ ದಿನ ಸುಲಿಯುವವರು ಬರುವುದಿಲ್ಲ. ಸುಲಿದದ್ದನ್ನು ಅವತ್ತೇ ಬೇಯಿಸಬೇಕು, ಬೇಯಿಸಿದ ಕೆಂಪು ನೀರು, ಚೊಗರು, ಅದರ ಹದ ನೋಡಬೇಕು, ಆಮೇಲೆ ದಿನಗಟ್ಟಲೆ ಬಿಸಿಲು ಕಾಯಬೇಕು. ನವೆಂಬರ್‌ನಲ್ಲಿ ಮೋಡ ಕಟ್ಟಿತೋ, ಅಂಗಳದಲ್ಲಿ ಹರಡಿದ ಅಡಿಕೆಗೆ ಬೂಷ್ಟು ಬಂತು ಅಂತಲೇ ಲೆಕ್ಕ. ಈ ತಲೆನೋವನ್ನೆಲ್ಲ ಪುಟ್ಟ ಹೊತ್ತುಕೊಂಡ. ಕೂಲಿ ಅವನದು, ಮಳೆಯ ಭಯ ಅವನದು, ಸಾಲದ ಬಡ್ಡಿ ಅವನದು. ರೇಟು ಬಿದ್ದಿದ್ದರೆ ನಾನು ತೆಗೆದುಕೊಂಡ ದುಡ್ಡನ್ನು ವಾಪಸ್ ಕೊಡುತ್ತಿದ್ದೆನಾ? ಇಲ್ಲವಲ್ಲ. ಹಾಗಾದರೆ ರೇಟು ಏರಿದಾಗ ಬಂದದ್ದು ಪಾಪದ್ದು ಅಂತ ಹೇಗೆ ಹೇಳಲಿ?

ಇನ್ನೊಂದು. ನೀವು ಬಾಯಿ ತುಂಬ ಹೊಗಳುವ ಅಡಿಕೆ ಬೆಳೆಗಾರರ ಸಹಕಾರ ಸಂಘ ಕ್ಯಾಂಪ್ಕೋ ಮಾಡುವುದೂ ಇದನ್ನೇ ಅಲ್ವಾ? ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ರೇಟು ನೆಲಕಚ್ಚಿತ್ತು. ಆಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಲ್ಲಿ ಅದನ್ನು ಕಟ್ಟಿದರು. ಅದೂ ರೈತರಿಂದ ಕೊಂಡು ಉತ್ತರ ಭಾರತದ ಕಡೆ ಮಾರುತ್ತದೆ. ನಮ್ಮ ಮಾಮ್‌ಕೋಸ್ ಅಂತೂ, ಅದೇ ಶಿವಮೊಗ್ಗದ ಅಡಿಕೆ ಬೆಳೆಗಾರರ ಸಹಕಾರ ಸಂಘ, 1939ರಿಂದ ಅಡಿಕೆ ವ್ಯಾಪಾರದಲ್ಲೇ ಇದೆ. ಲಾಭ ಸದಸ್ಯರಿಗೆ ಬರುತ್ತದೆ ಅನ್ನುತ್ತೀರಿ, ನಿಜ, ಆ ವ್ಯತ್ಯಾಸ ದೊಡ್ಡದು. ಆದರೆ ಕೊಳ್ಳುವವರು ಇಬ್ಬರು ಮೂವರು ಇರುವುದರಿಂದಲೇ ನಮಗೆ ರೇಟು ಕೇಳುವ ಧೈರ್ಯ ಬಂದಿದೆ. ಮಾರಲು ಒಂದೇ ಬಾಗಿಲು ಇದ್ದ ಕಾಲ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾ?

ಪಾಪದ ಲೆಕ್ಕವನ್ನೇ ಹಿಡಿದರೆ ಭಾವ, ಬೆಳೆಯುವ ನಮ್ಮಿಂದಲೇ ಶುರು ಮಾಡಬೇಕಾಗುತ್ತದೆ. ಅಡಿಕೆ ಜಗಿದರೆ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಆ ಮಾತು ಬಂದಾಗ ಮಾತ್ರ ನಮ್ಮ ಗ್ರೂಪಿನಲ್ಲಿ ಯಾರೂ ಉಸಿರೆತ್ತುವುದಿಲ್ಲ. ಇರಲಿ, ಅದು ಬೇರೆ ದಿನದ ಜಗಳ.

ಹಾಗಂತ ನಾನು ಪುಟ್ಟನ ವಕೀಲಳಲ್ಲ. ಪುಟ್ಟ, ನೀನೂ ಕೇಳುತ್ತಿದ್ದೀಯ ಅಂತ ಗೊತ್ತು, ಈಗ ನಿನ್ನ ಸರದಿ.

ನಮ್ಮ ಚೇಣಿ ಹೇಗೆ ನಡೆಯುತ್ತದೆ ಅಂತ ಬೆಂಗಳೂರಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಕೆಲವರು ಹಸಿ ಅಡಿಕೆಗೇ ದುಡ್ಡು ಮಾತಾಡುತ್ತಾರೆ. ಜಾಸ್ತಿ ಜನ ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಚೇಣಿದಾರ ತೋಟದವರಿಗೆ ಇಷ್ಟು ಕೆಜಿ ಒಣ ಅಡಿಕೆಯ ಲೆಕ್ಕ ಕೊಡಬೇಕು ಅಂತ ಮಾತಾಡುತ್ತಾರೆ. ನಮ್ಮ ಕಡೆ ಕಾಯಿ ಚೆನ್ನಾಗಿ ಬಲಿತಿದ್ದರೆ 12ರಿಂದ 13 ಕೆಜಿ ಬರುತ್ತದೆ. ಎಳೆಯದು ಜಾಸ್ತಿ ಇದ್ದರೆ ಇಳಿಯುತ್ತದೆ. ಒಂದು ಕೆಜಿ ಹೆಚ್ಚು ಕಮ್ಮಿ ಆದರೆ ಏನಾಯಿತು ಅನ್ನಬೇಡಿ, ನೂರು ಕ್ವಿಂಟಾಲ್ ಹಸಿ ಅಡಿಕೆಗೆ ಅದೇ ಒಂದು ಕ್ವಿಂಟಾಲ್ ಒಣ ಅಡಿಕೆ. ಈಗ ನೋಡಿ, ಚೇಣಿಗೆ ಕೊಟ್ಟು ಕೊಟ್ಟು ರೂಢಿಯಾದವರು ಸ್ವಂತ ಒಣಗಿಸಿ ಎಷ್ಟೋ ವರ್ಷ ಆಗಿರುತ್ತದೆ. ತಮ್ಮ ತೋಟದ ಕಾಯಿ ಎಷ್ಟು ಇಳುವರಿ ಕೊಡುತ್ತದೆ ಅನ್ನುವುದು ಅವರಿಗೇ ಮರೆತಿರುತ್ತದೆ. ಚೇಣಿದಾರನಿಗೆ ಮಾತ್ರ ಪ್ರತಿ ಮರದ ಜಾತಕ ಬಾಯಿಪಾಠ. ಆ ಜಾಗದಲ್ಲಿ ಕೂತು "ನಿಮ್ಮ ಕಾಯಿ ಗಟ್ಟಿ ಇಲ್ಲ, 10 ಕೆಜಿಗಿಂತ ಆಗಲ್ಲ" ಅಂದರೆ ಅದು ವ್ಯಾಪಾರವಲ್ಲ. ರೇಟು ಏರಬಹುದು ಅಂತ ಊಹೆ ಮಾಡಿ ಗೆದ್ದರೆ ನನ್ನ ತಕರಾರಿಲ್ಲ, ನಾನೂ ಊಹೆ ಮಾಡಬಹುದಿತ್ತು. ನನ್ನದೇ ತೋಟದ ವಿಷಯ ನನ್ನಿಂದಲೇ ಮುಚ್ಚಿಟ್ಟು ಗೆಲ್ಲುವುದಕ್ಕೆ ತಕರಾರಿದೆ.

ಮತ್ತೆ ಆ ಕೆಳಮನೆಯವರ ವಿಷಯ. ಆಷಾಢದಲ್ಲಿ ಮಗಳ ಕಾಲೇಜು ಫೀಸಿಗೆ ನಿನ್ನ ಹತ್ತಿರ ಮುಂಗಡ ತೆಗೆದುಕೊಂಡರು. ಆಗಲೇ ಹಸಿ ಅಡಿಕೆಯ ರೇಟೂ ಮಾತಾಡಿ ಮುಗಿಸಿದೆ. ಅವತ್ತಿನ ಮಂಡಿ ರೇಟಿಗೂ ನೀನು ಹೇಳಿದ್ದಕ್ಕೂ ಎಷ್ಟು ಅಂತರ ಇತ್ತು ಅಂತ ನನಗೂ ಗೊತ್ತು, ನಿನಗೂ ಗೊತ್ತು. ಅವರು ಒಪ್ಪಿದರು ನಿಜ. ಫೀಸು ಕಟ್ಟಲು ವಾರ ಉಳಿದವರು ಇನ್ನೇನು ಮಾಡುತ್ತಾರೆ? ಮುಂಗಡಕ್ಕೆ ಬಡ್ಡಿ ಬೇಕಿದ್ದರೆ ಬಾಯಿಬಿಟ್ಟು ಬಡ್ಡಿ ಕೇಳಬೇಕಿತ್ತು. ರೇಟನ್ನು ಕೊಯ್ಲಿನ ದಿನಕ್ಕೆ ಬಿಡಬೇಕಿತ್ತು. ಭಾವ, ನಿಮ್ಮ ಸಿಟ್ಟಿಗೆ ಸರಿಯಾದ ಜಾಗ ಇದು. ನೀವು ಕಾರಿನ ಮೇಲೆ ಹಾಕಿದಿರಿ.

ದಾಸ್ತಾನು ಇಟ್ಟುಕೊಂಡದ್ದು ತಪ್ಪಾ ಅಂತ ರಶ್ಮಿ ಕೇಳಿದಳು. ಅಡಿಕೆ ನಾಲ್ಕು ತಿಂಗಳು ಗೋದಾಮಿನಲ್ಲಿದ್ದರೆ ಯಾರೂ ಉಪವಾಸ ಬೀಳುವುದಿಲ್ಲ ಕಣೇ. ಕೊರೋನಾ ಶುರುವಾದಾಗ ಮಾಸ್ಕ್ ಕೊಂಡು ಮುಚ್ಚಿಟ್ಟು ಹತ್ತು ಪಟ್ಟಿಗೆ ಮಾರಿದವರಿದ್ದರಲ್ಲ, ಅದನ್ನು ಇದರ ಜೊತೆ ಸೇರಿಸಬೇಡ. 2020ರ ಮಾರ್ಚ್‌ನಲ್ಲಿ ಸರ್ಕಾರ ಮಾಸ್ಕು, ಸ್ಯಾನಿಟೈಸರ್ ಎರಡನ್ನೂ ಅಗತ್ಯ ವಸ್ತು ಅಂತ ಮಾಡಿ, 3 ಪದರದ ಮಾಸ್ಕಿಗೆ 10 ರೂಪಾಯಿ, 200 ಮಿಲಿ ಸ್ಯಾನಿಟೈಸರಿಗೆ 100 ರೂಪಾಯಿ ದಾಟಬಾರದು ಅಂತ ಕಟ್ಟು ಹಾಕಿತು. ಜೀವ ಉಳಿಸುವ ವಸ್ತು, ಕೊಳ್ಳುವವನಿಗೆ ಬೇರೆ ದಾರಿಯಿಲ್ಲ. ಅಲ್ಲಿ ಕಾದು ಮಾರುವುದು ಬೇರೆಯೇ ಕಥೆ. ಅಡಿಕೆಯಲ್ಲಿ ನಾನು ಹೆದರುವುದು ಬೆರಕೆಗೆ. ಹೊರದೇಶದ ಅಗ್ಗದ ಮಾಲು ತಂದು, ಬಣ್ಣ ಹಾಕಿ, ನಮ್ಮೂರ ರಾಶಿ ಜಾತಿಯ ಕೆಂಪಡಿಕೆ ಅಂತ ಮಾರುವವರಿದ್ದಾರೆ. 2023ರಲ್ಲಿ ಆಮದಿನ ಕನಿಷ್ಠ ಬೆಲೆಯನ್ನು ಕೆಜಿಗೆ 251ರಿಂದ 351 ರೂಪಾಯಿಗೆ ಏರಿಸಿದರೂ ಕದ್ದು ಬರುವುದು ನಿಂತಿಲ್ಲ. ಪುಟ್ಟ ಆ ಕಡೆ ಹೋಗಿಲ್ಲ, ಅದನ್ನೂ ಹೇಳಬೇಕು.

ಈ ಸಲ ಗೌರಿ ಹಬ್ಬಕ್ಕೆ ಮುಂಚೆ ಚೇಣಿ ಮಾತಾಡಲು ಬರುತ್ತಾನಂತೆ. ಬರಲಿ, ನಾನು ಅವನಿಗೇ ಕೊಡುತ್ತೇನೆ. ಆದರೆ ಮೊದಲ ಕೊಯ್ಲಿನಲ್ಲಿ ಒಂದು ಕ್ವಿಂಟಾಲ್ ಹಸಿ ನಾನೇ ಇಟ್ಟುಕೊಂಡು, ಸುಲಿಸಿ, ಬೇಯಿಸಿ, ಒಣಗಿಸಿ ತೂಗುತ್ತೇನೆ. ತೂಕದ ಫೋಟೋ ಇದೇ ಗ್ರೂಪಿಗೆ ಹಾಕುತ್ತೇನೆ, ಕೆಳಮನೆಯವರಿಗೂ ತೋರಿಸುತ್ತೇನೆ. ಕೆಜಿಯ ಮಾತು ಆಮೇಲೆ. ಭಾವ, ನಿಮ್ಮ ಅಟ್ಟದ ಮೇಲೆ ಹಳೆ ತಾಮ್ರದ ಹಂಡೆ ಇದೆಯಲ್ಲ, ತೂತಾಗಿಲ್ಲದಿದ್ದರೆ ಯಾರಾದರೂ ಈ ಕಡೆ ಬರುವಾಗ ಕಳಿಸಿಕೊಡಿ. ನಮ್ಮದನ್ನು ಹೋದ ವರ್ಷವೇ ಮಾರಿಬಿಟ್ಟೆ.